ಮೂವತ್ತೇಳರ ಗೆರೆ

ಆ ಭಾನುವಾರ ಬೆಳಿಗ್ಗೆ ಏಳೂವರೆಗೆ ಸಿಗ್ನಿ ಹಾಲ್ವರ್ಸನ್ ಟೋರ್ವಿಕ್ ಕಾಲೇಜಿನ ಯಂತ್ರಶಾಲೆಗೆ ಬಂದಾಗ ಹೊರಗೆ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಸೊನ್ನೆಗಿಂತ ಇಪ್ಪತ್ತೊಂಬತ್ತು ಡಿಗ್ರಿ ಕೆಳಗಿತ್ತು. ಉತ್ತರ ಮಿನೆಸೋಟದವರಿಗೆ ಅಂಥ ಚಳಿ ಹೊಸದಲ್ಲ. ಆದರೆ ಈ ಸಲ ಅದು ಹನ್ನೊಂದು ದಿನದಿಂದ ಜಪ್ಪಯ್ಯ ಎಂದರೂ ಕದಲದೆ ಕೂತಿತ್ತು. ಕೋಟು ಬಿಚ್ಚುವ ಮೊದಲೇ ಅವಳು ಗೋಡೆಯ ಪರದೆ ನೋಡಿದಳು. ಬಾವಿಗಳಿಂದ ಬರುತ್ತಿದ್ದ ನೀರು ಮೂವತ್ತೊಂಬತ್ತು ಡಿಗ್ರಿ. ಹಿಂದಿನ ಸಂಜೆ ನಲವತ್ತೊಂದಿತ್ತು.

ಆ ಲೆಕ್ಕದಲ್ಲಿ ನೀರು ಹೆಪ್ಪುಗಟ್ಟುವುದು ಮೂವತ್ತೆರಡಕ್ಕೆ. ಆ ನೀರಿನ ಬಿಸಿಯನ್ನು ಹೀರಿ ಕಟ್ಟಡಗಳಿಗೆ ಕಳಿಸುವ ಯಂತ್ರಗಳು ಅಲ್ಲಿಯವರೆಗೆ ಕಾಯುವುದಿಲ್ಲ. ತಮ್ಮ ಕೊಳವೆ ಒಡೆದುಕೊಳ್ಳಬಾರದೆಂದು ಮೂವತ್ತೇಳಕ್ಕೇ ತಾವಾಗಿ ನಿಂತುಬಿಡುತ್ತವೆ. ಅವು ನಿಂತರೆ ಇಪ್ಪತ್ತಾರು ಕಟ್ಟಡಗಳನ್ನು ಬೆಚ್ಚಗಿಡಲು ಕಾಲೇಜಿನಲ್ಲಿ ಬೇರೇನೂ ಉಳಿದಿರಲಿಲ್ಲ. ಉಳಿಯದಂತೆ ಮಾಡಿದವಳು ಸಿಗ್ನಿಯೇ.

ಹಿಂದಿನ ಚಳಿಗಾಲದವರೆಗೆ ಅಲ್ಲಿ ಗ್ಯಾಸ್ ಸುಡುವ ಮೂರು ಬಾಯ್ಲರುಗಳಿದ್ದವು. ಅವುಗಳ ಬಿಸಿಯಲ್ಲಿ ಅರ್ಧ, ಕಟ್ಟಡಗಳಿಗೆ ಹೋಗುವ ಸುರಂಗದ ಹಳೇ ಕೊಳವೆಗಳಲ್ಲೇ ಸೋರಿಹೋಗುತ್ತಿತ್ತು. ಅದನ್ನೆಲ್ಲ ಕಿತ್ತುಹಾಕುವುದೆಂದು ನಿರ್ಧರಿಸಿ, ಫುಟ್‌ಬಾಲ್ ಮೈದಾನದ ಅಡಿಯಲ್ಲಿ ಮುನ್ನೂರ ನಲವತ್ತು ಕೊಳವೆಬಾವಿ ಕೊರೆಸಿದರು. ಬೇಸಿಗೆಯಲ್ಲಿ ಕಟ್ಟಡಗಳ ಸೆಕೆಯನ್ನು ನೆಲಕ್ಕಿಳಿಸುವುದು, ಚಳಿಗಾಲದಲ್ಲಿ ಅದನ್ನೇ ಮೇಲೆತ್ತುವುದು. ಹಳೇ ಮೂರನೇ ಬಾಯ್ಲರನ್ನಾದರೂ ಆಪತ್ತಿಗಿರಲಿ ಎಂದು ಇಟ್ಟುಕೊಳ್ಳೋಣವೇ ಎಂಬ ಪ್ರಶ್ನೆ ಆಡಳಿತ ಮಂಡಳಿಯ ಸಭೆಯಲ್ಲಿ ಬಂತು. ಮೂವತ್ತೆಂಟು ವರ್ಷ ಆ ಬಾಯ್ಲರುಗಳ ಜೊತೆ ಕಳೆದಿದ್ದ ವಾಲ್ಟರ್ ಕಾಂಗಸ್ ಇಟ್ಟುಕೊಳ್ಳಿ ಎಂದ. ಯಂತ್ರಶಾಲೆಯ ಮುಖ್ಯಸ್ಥೆ ಸಿಗ್ನಿ, ಮೂರು ತಿಂಗಳು ಹೊಸ ವ್ಯವಸ್ಥೆಯ ಕಾಗದಪತ್ರ ಓದಿದ್ದವಳು, “ಭಯಪಡೋ ಕಾರಣವೇ ಇಲ್ಲ” ಎಂದಳು. ಜೂನ್‌ನಲ್ಲಿ ಅದನ್ನೂ ತುಂಡು ಮಾಡಿ ಲಾರಿಯಲ್ಲಿ ಒಯ್ದರು. ಅದೇ ತಿಂಗಳು ವಾಲ್ಟರ್ ನಿವೃತ್ತನಾದ. ಬೀಳ್ಕೊಡುಗೆಯ ಕೇಕ್ ತಿಂದ, ಎಲ್ಲರ ಕೈಕುಲುಕಿದ, ಸಿಗ್ನಿಯ ಕೈಯನ್ನು ಬಿಟ್ಟು.

ಆಮೇಲೆ ಕೆಲಸ ಎಳೆದೂ ಎಳೆದೂ ಹೊಸ ವ್ಯವಸ್ಥೆ ಶುರುವಾಗುವಷ್ಟರಲ್ಲಿ ಸೆಪ್ಟೆಂಬರ್ ಮುಗಿದಿತ್ತು. ನೆಲಕ್ಕೆ ಬೇಸಿಗೆಯ ಬಿಸಿ ಇಳಿಯಲೇ ಇಲ್ಲ. ಒಂದು ಚಳಿಗಾಲ ಹೇಗೋ ಕಳೆಯುತ್ತದೆ ಎಂದು ಎಂಜಿನಿಯರುಗಳು ಹೇಳಿದ್ದರು. ಸಿಗ್ನಿಯೂ ಹಾಗೇ ನಂಬಿದ್ದಳು.

ಎಂಟಕ್ಕೆ ಡೀನ್ ಲೊರೇನ್ ಪ್ರೆಂಟಿಸ್ ಫೋನ್ ಮಾಡಿದಳು. “ರಜೆ ಮುಗಿಸಿ ಇವತ್ತು ಎಂಟುನೂರು ಜನ ಬರ್ತಿದಾರೆ, ಸಿಗ್ನಿ. ಮಿನಿಯಾಪೊಲಿಸ್‌ನಿಂದ ಬಸ್ಸುಗಳು ಒಂದು ಗಂಟೆಗೆ ಹೊರಡ್ತವೆ. ನಿನ್ನೆ ಹಾಸ್ಟೆಲಿನ ರೂಮುಗಳು ತಣ್ಣಗಿವೆ ಅಂತ ಕಾವಲುಗಾರ ಹೇಳಿದ. ಏನಾದ್ರೂ ಹೆಚ್ಚುಕಡಿಮೆ ಇದೆಯಾ?”

“ನೋಡ್ತಿದೀನಿ.”

“ಹನ್ನೆರಡೂವರೆಗೆ ನಂಗೊಂದು ಮಾತು ಬೇಕು. ಇಲ್ಲ ಅನ್ನೋದಾದ್ರೆ ಬಸ್ಸು ನಿಲ್ಲಿಸ್ಬೇಕು. ಹೊರಟ ಮೇಲೆ ದಾರಿ ಮಧ್ಯದಲ್ಲಿ ಈ ಚಳೀಲಿ ಮಕ್ಕಳನ್ನ ಎಲ್ಲಿ ಇಳಿಸೋದು?”

ಫೋನಿಟ್ಟು ಸಿಗ್ನಿ ವ್ಯಾಯಾಮ ಭವನ, ಪ್ರಾರ್ಥನಾ ಮಂದಿರ, ಗ್ರಂಥಾಲಯ ಮೂರರ ಬಿಸಿಯನ್ನೂ ಕೊಳವೆ ಹೆಪ್ಪುಗಟ್ಟದಷ್ಟಕ್ಕೆ ಇಳಿಸಿದಳು. ಅರ್ಧ ಗಂಟೆ ಪರದೆಯ ಮುಂದೆ ನಿಂತಳು. ಅಂಕಿ ಮೂವತ್ತೆಂಟೂ ಮುಕ್ಕಾಲಿಗೆ ಇಳಿಯಿತು. ಕಾಫಿ ಬಗ್ಗಿಸಿಕೊಂಡು ಕುಡಿಯಲು ಮರೆತಳು. ಎಂಜಿನಿಯರುಗಳ ಕಚೇರಿಗೆ ಮೂರು ಸಲ ಫೋನ್ ಮಾಡಿದರೂ ಭಾನುವಾರ ಅಲ್ಲಿ ಯಾರೂ ಎತ್ತಲಿಲ್ಲ. ಒಂಬತ್ತೂಕಾಲಿಗೆ, ಏಳು ತಿಂಗಳಿಂದ ಒತ್ತದಿದ್ದ ಇನ್ನೊಂದು ನಂಬರ್ ಒತ್ತಿದಳು.

ವಾಲ್ಟರ್ ಇಪ್ಪತ್ತು ನಿಮಿಷಕ್ಕೆ ಬಂದ. ಹುಬ್ಬಿನ ಮೇಲೆ ಮಂಜು ಕಟ್ಟಿತ್ತು.

“ಏನಂತಾವೆ ನಿನ್ನ ಬಾವಿಗಳು?” ಎಂದ, ಬೂಟಿನ ಹಿಮ ಒದರುತ್ತ.

“ಮೂವತ್ತೆಂಟೂವರೆ.”

“ಮೂರನೇ ನಂಬರ್ ಹಚ್ಚು ಮತ್ತೆ.” ಅದು ನಿಂತಿದ್ದ ಜಾಗದ ಖಾಲಿ ಸಿಮೆಂಟ್ ಕಟ್ಟೆಯನ್ನು ನೋಡಿದ. “ಓ, ಅದನ್ನ ಮಾರಿಬಿಟ್ರಲ್ಲ.”

“ಬಯ್ಯೋದಿದ್ರೆ ಆಮೇಲೆ ಬಯ್ಯಿ, ವಾಲ್ಟರ್. ಪೂರ್ತಿ ಒಂದು ದಿನ ಕೂತು ಕೇಳ್ತೀನಿ. ಈಗ ನಂಗೆ ತಲೆ ಓಡ್ತಿಲ್ಲ.”

ವಾಲ್ಟರ್ ಅವಳ ಮುಖ ನೋಡಿದ. ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತ. ಕನ್ನಡಕ ಹಾಕಿ ಒಂದೊಂದೇ ಕಟ್ಟಡದ ಲೆಕ್ಕವನ್ನು ಬೆರಳಿಟ್ಟು ಓದಿದ. ವಿಜ್ಞಾನ ಭವನದ ಮೇಲೆ ಬೆರಳು ನಿಂತಿತು.

“ಇಲ್ಲಿ ಯಾರಿದಾರೆ ಈಗ?”

“ಯಾರೂ ಇಲ್ಲ. ಡಿಸೆಂಬರ್ ಇಪ್ಪತ್ತರಿಂದ ಬೀಗ.”

“ಬೀಗ ಹಾಕಿದ ಮನೆ ಕಾಲೇಜಿನ ಮೂರನೇ ಒಂದು ಪಾಲು ಬಿಸಿ ತಿಂತಿದೆಯಲ್ಲ.”

“ಗೊತ್ತು. ಮಾಪಕ ಕೆಟ್ಟಿದೆ ಅಂದ್ಕೊಂಡೆ. ವಾರಗಳಿಂದ ಹಾಗೇ ತೋರಿಸ್ತಿದೆ.”

“ಹೋಗಿ ನೋಡ್ದೆಯಾ?”

ಸಿಗ್ನಿ ಕೋಟು ಎತ್ತಿಕೊಂಡಳು. ಹೊಸ ವ್ಯವಸ್ಥೆ ಬಂದ ಮೇಲೆ ಎಲ್ಲವೂ ಪರದೆಯಲ್ಲೇ ಕಾಣುತ್ತಿತ್ತು. ಅವಳು ಕಟ್ಟಡದಿಂದ ಕಟ್ಟಡಕ್ಕೆ ನಡೆಯುವುದನ್ನು ಬಿಟ್ಟು ನಾಲ್ಕು ತಿಂಗಳಾಗಿತ್ತು.

ಇಬ್ಬರೂ ಹಿಮ ತುಳಿದುಕೊಂಡು ಹೋದರು. ಉಸಿರೆಳೆದರೆ ಮೂಗಿನೊಳಗೆ ಸೂಜಿ ಚುಚ್ಚುತ್ತಿತ್ತು. ವಿಜ್ಞಾನ ಭವನದ ಬೀಗ ತೆಗೆದರೂ ಬಾಗಿಲು ಬರಲಿಲ್ಲ. ಒಳಗಿನಿಂದ ಯಾರೋ ಹಿಡಿದೆಳೆಯುತ್ತಿರುವ ಹಾಗಿತ್ತು. ಇಬ್ಬರೂ ಸೇರಿ ಎಳೆದಾಗ ಅವರ ಬೆನ್ನ ಹಿಂದಿನ ಗಾಳಿಯೆಲ್ಲ ಸುಯ್ಯೆಂದು ಒಳನುಗ್ಗಿತು. ಮೇಲಿನ ಮಹಡಿಗಳಿಂದ ಒಂದೇ ಸಮನೆ ಭೋರೆನ್ನುವ ಸದ್ದು.

ಸಿಗ್ನಿಗೆ ಮೆಟ್ಟಿಲು ಹತ್ತುವಾಗಲೇ ತಿಳಿಯಿತು. ರಸಾಯನಶಾಸ್ತ್ರದ ಪ್ರಯೋಗಾಲಯಗಳಲ್ಲಿ ವಿಷದ ಹೊಗೆಯನ್ನು ಹೀರಿ ಚಾವಣಿಯಿಂದಾಚೆ ಕಳಿಸುವ ಗಾಜಿನ ಗೂಡುಗಳಿದ್ದವು. ಮುಂದಿನ ಗಾಜನ್ನು ಕೆಳಗೆಳೆದಿಟ್ಟರೆ ಅವು ಸ್ವಲ್ಪವೇ ಗಾಳಿ ಎಳೆಯುತ್ತವೆ. ಎತ್ತಿಟ್ಟರೆ ಇಡೀ ಕೋಣೆಯನ್ನೇ ನುಂಗುತ್ತವೆ. ರಜೆಗೆ ಮುಂಚೆ ವರ್ಷದ ತಪಾಸಣೆಗೆ ಬಂದವರು ಎಲ್ಲ ಗಾಜುಗಳನ್ನೂ ತಲೆಯೆತ್ತರಕ್ಕೆ ಎತ್ತಿ ಹಾಗೇ ಬಿಟ್ಟು ಹೋಗಿದ್ದರು.

“ಎಷ್ಟಿವೆ?” ಎಂದು ವಾಲ್ಟರ್ ಕೂಗಿ ಕೇಳಿದ.

“ಅರವತ್ತೆರಡು.”

“ಒಲೆ ಹಚ್ಚಿ ಅರವತ್ತೆರಡು ಕಿಟಕಿ ತೆಗೆದಿಟ್ಟು ಬಾವಿ ಬತ್ತಿತು ಅಂತ ಅಳ್ತಿದೀಯ.”

ಎರಡು ಮಹಡಿ ಅವನು, ಎರಡು ಮಹಡಿ ಅವಳು. ಕೆಲವು ಗಾಜು ಸರಾಗವಾಗಿ ಇಳಿದವು, ಕೆಲವಕ್ಕೆ ಜೋತುಬೀಳಬೇಕಾಯಿತು. ಕೊನೆಯದನ್ನು ಎಳೆದಾಗ ಸಿಗ್ನಿಯ ಅಂಗೈಯ ಚರ್ಮ ಸುಲಿದಿತ್ತು. ಭೋರ್ಗರೆತ ಅಡಗಿ ಕಟ್ಟಡ ನಿಶ್ಶಬ್ದವಾಯಿತು.

ಓಡೋಡಿ ವಾಪಸ್ಸು ಬಂದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಪರದೆಯಲ್ಲಿ ಮೂವತ್ತೇಳೂ ಮುಕ್ಕಾಲು. ಹನ್ನೆರಡೂಕಾಲಿಗೆ ಮೂವತ್ತೇಳೂವರೆ.

“ಇನ್ನೂ ಇಳೀತಿದೆ,” ಎಂದಳು. ಅವಳ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು.

“ಇಳೀಲೇಬೇಕು. ಮೈದಾನದ ಅಡಿ ಅಷ್ಟುದ್ದ ಸುತ್ತಿ ಬರ್ಬೇಕಲ್ಲ ನೀರು.”

“ನಿಂಗೆ ಖಾತ್ರಿ ಇದೆಯಾ?”

“ನಂಗೇನು ಗೊತ್ತು? ನಾನು ಬಾಯ್ಲರಿನವನು.”

ಹನ್ನೆರಡೂವರೆಗೆ ಸರಿಯಾಗಿ ಫೋನ್ ಬಂತು. ಹೂಂ ಎಂದರೆ ಬಸ್ಸುಗಳು ಹೊರಡುತ್ತವೆ, ಊಹೂಂ ಎಂದರೆ ನಿಲ್ಲುತ್ತವೆ. ಸಭೆಯಲ್ಲಿ ಆಡಿದ್ದ ಹಾಗೆ ಗಟ್ಟಿಯಾಗಿ ಒಂದು ಮಾತು ಆಡಿಬಿಟ್ಟರೆ ಡೀನ್ ನಂಬುತ್ತಿದ್ದಳು. ಅದೇ ಸಿಗ್ನಿಗೆ ಹೆದರಿಕೆ ಹುಟ್ಟಿಸಿತು.

“ನಂಗೆ ಗೊತ್ತಿಲ್ಲ,” ಎಂದಳು. “ಬಿಸಿ ಎಲ್ಲಿ ಸೋರ್ತಿತ್ತು ಅಂತ ಗೊತ್ತಾಯ್ತು, ಮುಚ್ಚಿದೀವಿ. ಅದು ಸಾಕಾಗತ್ತೋ ಇಲ್ವೋ ಹೇಳೋಕೆ ಇನ್ನೂ ಒಂದೂವರೆ ಗಂಟೆ ಬೇಕು. ಬಸ್ಸುಗಳನ್ನ ಎರಡರ ತನಕ ಬಿಡ್ಬೇಡಿ. ಆಗಲೂ ಸರಿಹೋಗದೇ ಇದ್ರೆ ಯಾರೂ ಬರೋದು ಬೇಡ. ಊರಿನ ಹೈಸ್ಕೂಲಿನವರಿಗೆ ಈಗಲೇ ಹೇಳಿಡಿ, ರಜೆಗೂ ಇಲ್ಲೇ ಉಳಿದಿರೋ ನಲವತ್ತು ಜನರನ್ನ ಅಲ್ಲಿಗೆ ಕಳಿಸ್ಬೇಕಾಗಬಹುದು.”

“ಭಯಪಡೋ ಕಾರಣ ಇಲ್ಲ ಅಂದಿದ್ರಿ ನೀವು,” ಎಂದಳು ಡೀನ್. ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು.

“ಹೌದು. ಅಂದಿದ್ದೆ. ತಪ್ಪು ನಂದೇ.”

ಆಮೇಲಿನ ಹೊತ್ತು ಕಳೆದದ್ದು ಹೇಗೆಂದು ಕೇಳಿದರೆ ಸಿಗ್ನಿಗೆ ಹೇಳಲು ಬರುವುದಿಲ್ಲ. ವಾಲ್ಟರ್ ಫ್ಲಾಸ್ಕಿನಿಂದ ಆ ಕಡೆಯ ಕೆರೆಗಳಲ್ಲಿ ಬೆಳೆಯುವ ಕಾಡಕ್ಕಿಯ ಸೂಪು ಬಗ್ಗಿಸಿ ಅವಳ ಮುಂದಿಟ್ಟ. ಅದು ಕೆನೆಗಟ್ಟಿತು. ಒಂದು ಗಂಟೆಗೆ ಮೂವತ್ತೇಳೂಕಾಲು. ಒಂದೂ ಹತ್ತಕ್ಕೆ ಅದಕ್ಕಿಂತ ಕೂದಲೆಳೆ ಕೆಳಗೆ. ಅವಳು ಎದ್ದು ಪರದೆಗೆ ಬೆನ್ನು ಹಾಕಿ, ಖಾಲಿ ಕಟ್ಟೆಯ ಮೇಲೆ ಕೂತು, ಮೂವತ್ತೇಳಕ್ಕೆ ಯಂತ್ರಗಳ ಸದ್ದು ನಿಲ್ಲುವುದನ್ನೇ ಕಿವಿಗೊಟ್ಟು ಕಾದಳು. ಪಂಪುಗಳ ಗುಂಯ್‌ಗುಡುವಿಕೆ ಒಮ್ಮೆ ತಗ್ಗಿದಂತೆ ಕೇಳಿಸಿ ಅವಳು ಎದ್ದು ನಿಂತಳು.

“ತಿರುಗಿ ನೋಡು,” ಎಂದ ವಾಲ್ಟರ್.

ಅಂಕಿ ಇದ್ದಲ್ಲೇ ನಿಂತಿತ್ತು. ಹತ್ತು ನಿಮಿಷ ಹಾಗೇ ನಿಂತಿತ್ತು. ಒಂದೂ ಮುಕ್ಕಾಲಿಗೆ ಮತ್ತೆ ಮೂವತ್ತೇಳೂಕಾಲು, ಎರಡಕ್ಕೆ ಐದು ನಿಮಿಷವಿದ್ದಾಗ ಮೂವತ್ತೇಳೂವರೆ. ಅವಳು ಡೀನ್‌ಗೆ ಫೋನ್ ಮಾಡಿ ಬಸ್ಸು ಬಿಡಿ ಎಂದಳು.

ಮಕ್ಕಳು ಕತ್ತಲಾದ ಮೇಲೆ ಬಂದಿಳಿದರು. ರೂಮುಗಳು ಅರವತ್ತೆರಡು ಡಿಗ್ರಿಯಲ್ಲಿದ್ದವು. ಟೊಪ್ಪಿ ಹಾಕಿಕೊಂಡೇ ಮಲಗಬೇಕೆಂದು ಗೊಣಗಿದರು, ಅಷ್ಟೆ. ಪ್ರಾರ್ಥನಾ ಮಂದಿರದ ಉತ್ತರ ಗೋಡೆಯ ಒಂದು ಕೊಳವೆ ಮಾತ್ರ ಒಡೆದು, ಹಾಡುಗಾರರ ಕಪಾಟಿನಲ್ಲಿದ್ದ ನಿಲುವಂಗಿಗಳೆಲ್ಲ ತೊಯ್ದು ಮರಗಟ್ಟಿದವು.

ಸೋಮವಾರ ಸಿಗ್ನಿ ವರದಿ ಬರೆದಳು. ಗಾಜುಗಳನ್ನು ಎತ್ತಿಟ್ಟವರ ಬಗ್ಗೆ ಎರಡು ಸಾಲು. ವಾರಗಳಿಂದ ಕಣ್ಣಿಗೆ ಕಾಣುತ್ತಿದ್ದ ಅಂಕಿಯನ್ನು ಸುಳ್ಳೆಂದುಕೊಂಡು ಕೂತಿದ್ದ ತನ್ನ ಬಗ್ಗೆ ಒಂದು ಪುಟ. ಆಪತ್ತಿಗೊಂದು ಚಿಕ್ಕ ಬಾಯ್ಲರ್ ಬೇಕೇ ಬೇಕು, ಕಾಂಗಸ್ ಹೇಳಿದ್ದು ಸರಿ ಎಂದೂ ಬರೆದಳು. ಕೆಲಸ ಹೋಗಬಹುದೆಂದುಕೊಂಡಿದ್ದಳು; ಹೋಗಲಿಲ್ಲ. ಬಾಯ್ಲರ್ ಏಪ್ರಿಲ್‌ನಲ್ಲಿ ಬಂತು.

ಮಾರ್ಚ್ ಮುಗಿಯುವವರೆಗೆ ಅವಳು ದಿನಕ್ಕೊಮ್ಮೆ ಇಪ್ಪತ್ತಾರೂ ಕಟ್ಟಡ ಸುತ್ತಿದಳು. ಬೈಗುಳ ಕೇಳುತ್ತೇನೆಂದಿದ್ದಳಲ್ಲ, ಅದಕ್ಕೂ ಒಂದು ಶನಿವಾರ ವಾಲ್ಟರನ ಮನೆಗೆ ಹೋದಳು. ಅವನು ಹೆಪ್ಪುಗಟ್ಟಿದ ಕೆರೆಯಲ್ಲಿ ಕಂಡಿ ಕೊರೆದು ಮೀನು ಹಿಡಿಯಲು ಹೊರಟಿದ್ದ. ಇನ್ನೊಂದು ಸ್ಟೂಲು ಎತ್ತಿಕೋ ಎಂದ. ಸಂಜೆಯವರೆಗೆ ಇಬ್ಬರೂ ಕೆರೆಯ ಮೇಲೆ ಕೂತಿದ್ದರು. ಅವನು ಬೈದದ್ದು ಅರ್ಧ ಗಂಟೆ ಮಾತ್ರ.