ಟಾರ್ಚ್ ಹಿಡಿಯುವವಳು

ನಮ್ಮ ಬಾತ್‌ರೂಮಿನ ವಾಶ್ ಬೇಸಿನ್ ಕೆಳಗಿನ ಪೈಪಿಗೆ ನಾನು ಋಣಿ. ನಗುವವರು ನಗಲಿ. ಡಾಕ್ಟರಿಗೆ, ನೆರೆಯವರಿಗೆ, ಸಮಾಧಾನ ಹೇಳಲು ಬಂದು ಎರಡೆರಡು ಸಲ ಟೀ ಕುಡಿದು ಹೋದ ನೆಂಟರಿಗೆ, ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಬಾಯಿ ನೋಯಿಸಿಕೊಂಡಿದ್ದೇನೆ. ಅವರ್ಯಾರ ಕೈಲೂ ಆಗದ್ದನ್ನು ಆ ಸೋರುವ ಪೈಪು ಮಾಡಿತು.

ನನ್ನ ಗಂಡ ಸಿಟಿ ಬಸ್ಸಿನ ಡ್ರೈವರ್ ಆಗಿದ್ದವರು. ಸಕ್ಕರೆ ಕಾಯಿಲೆ ಅವರ ಕಣ್ಣುಗಳನ್ನು ಒಂದಾದ ಮೇಲೊಂದು ನುಂಗಿ ಹಾಕಿತು. ಬಸ್ಸಿನ ಕೆಲಸ ಬಿಟ್ಟದ್ದಕ್ಕೆ ಅವರು ಅಷ್ಟು ಕೊರಗಲಿಲ್ಲ. ಮನೆಯ ರಿಪೇರಿ ಕೆಲಸ ಕೈಬಿಟ್ಟಾಗ ಮಾತ್ರ ಮನುಷ್ಯ ಅರ್ಧವಾದರು. ಫ್ಯಾನು, ಮಿಕ್ಸಿ, ಬಾಗಿಲ ಚಿಲಕ, ಪಕ್ಕದ ಮನೆಯವರ ಇಸ್ತ್ರಿಪೆಟ್ಟಿಗೆ, ಯಾವುದನ್ನೂ ಹೊರಗಿನವರ ಕೈಗೆ ಹೋಗಲು ಬಿಟ್ಟವರಲ್ಲ. ಆಮೇಲೆ ಕಿಟಕಿ ಪಕ್ಕದ ಕುರ್ಚಿಯೇ ಅವರ ಪ್ರಪಂಚವಾಯಿತು. ಕರೆದರೆ ಊಟಕ್ಕೆ ಬರುವರು, ಕೇಳಿದರೆ ಹೂಂ ಅನ್ನುವರು, ಅಷ್ಟೇ.

ಮೊನ್ನೆ ತಾವಾಗಿಯೇ ಅಳಿಯನಿಗೆ ಫೋನ್ ಮಾಡಿಸಿದರು. "ನನ್ನ ಟೂಲ್ ಬಾಕ್ಸ್ ತಗೊಂಡು ಹೋಗ್ಬಿಡಿ ಅಳಿಯಂದ್ರೇ. ಕುರುಡನ ಮನೇಲಿ ಸ್ಪ್ಯಾನರ್ ಇಟ್ಕೊಂಡು ಪೂಜೆ ಮಾಡಕ್ಕಾಗತ್ತಾ?" ಅಂದರು. ಆ ಕಬ್ಬಿಣದ ಪೆಟ್ಟಿಗೆ ಹೊಸ್ತಿಲು ದಾಟಿದರೆ ಈ ಮನುಷ್ಯ ಆ ಕುರ್ಚಿಯಿಂದ ಮತ್ತೆ ಏಳುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಬೇಡ ಅನ್ನಲೂ ಆಗದೆ, ಹೂಂ ಅನ್ನಲೂ ಆಗದೆ ಒದ್ದಾಡಿದೆ.

ಅಳಿಯ ಬರಬೇಕಾಗಿದ್ದ ದಿನವೇ ಬೆಳಗ್ಗೆ ಬೇಸಿನ್ ಕೆಳಗಿನ ಕಪಾಟು ತೆರೆದರೆ ಒಳಗೆಲ್ಲ ನೀರು. ಸೋಪಿನ ಪುಡಿ ಅಂಬಲಿಯಂತಾಗಿತ್ತು. ಗೋಡೆಯಿಂದ ನಲ್ಲಿಗೆ ಹೋಗುವ ಸಣ್ಣ ಪೈಪಿನ ಕೆಳತುದಿಯಿಂದ ತೊಟ್ಟಿಕ್ಕುತ್ತಿತ್ತು. ಪ್ಲಂಬರಿಗೆ ಫೋನ್ ಮಾಡಿದೆ. "ನಾಳೆ ಬರ್ತೀನಮ್ಮ" ಅಂದ. ಅವನ ಆ ನಾಳೆ ಯಾವ ಕ್ಯಾಲೆಂಡರಿನಲ್ಲೂ ಇಲ್ಲ. ನಾನೇ ಪೆಟ್ಟಿಗೆಯಿಂದ ಸ್ಪ್ಯಾನರ್ ತಂದು ಕೆಳಗಿನ ನಟ್ಟು ಹಿಡಿದು ಜಗ್ಗಿದೆ. ತೊಟ್ಟಿಕ್ಕುವುದೇನೂ ನಿಲ್ಲಲಿಲ್ಲ. ಇನ್ನೂ ಬಲವಾಗಿ ಜಗ್ಗಿದೆ.

"ಏ, ಎಷ್ಟು ತಿರುಗಿಸ್ತೀಯೇ? ಹಿತ್ತಾಳೆ ಅದು, ಸೀಳಿ ಹೋಗತ್ತೆ!" ಸ್ಪ್ಯಾನರಿನ ಸದ್ದು ಕೇಳಿಯೇ ಕುರ್ಚಿಯಿಂದ ಇವರ ದನಿ ಬಂತು.

ಮೊದಲೇ ಸೀರೆ ನೆನೆದಿತ್ತು, ಬೆನ್ನು ಹಿಡಿದಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಅಲ್ಲಿ ಕೂತ್ಕೊಂಡು ಉಪದೇಶ ಯಾಕ್ರೀ? ಅಷ್ಟು ಗೊತ್ತಿದ್ರೆ ಬಂದು ಮಾಡಿ!" ಎಂದು ಕೂಗಿಬಿಟ್ಟೆ.

ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಕುರ್ಚಿ ಕಿರ್ ಅಂದಿತು. ಗೋಡೆ ಸವರುತ್ತಾ ಅವರು ಬಾತ್‌ರೂಮಿನ ಬಾಗಿಲಿಗೆ ಬಂದು ನಿಂತರು. "ಸರಿ, ಆಚೆ ಸರಿ" ಅಂದರು.

ನೆಲದ ಮೇಲೆ ಅಂಗಾತ ಮಲಗಿ ತಲೆಯನ್ನು ಕಪಾಟಿನೊಳಗೆ ತೂರಿಸಿದರು. ಒಣಬಟ್ಟೆ ಕೇಳಿದರು, ಪೈಪನ್ನು ಮೇಲಿಂದ ಕೆಳಗೆ ಒರೆಸಿದರು. ಬಳಿಕ ಹಳೆಯ ಪೇಪರಿನ ಚೂರೊಂದನ್ನು ಕೆಳಗಿನ ನಟ್ಟಿಗೆ ಒತ್ತಿ, ಬೆರಳಲ್ಲಿ ಉಜ್ಜಿ ನೋಡಿದರು. ಒಣಗಿತ್ತು. ಇನ್ನೊಂದು ಚೂರನ್ನು ಬೇಸಿನ್ನಿನ ಬೆನ್ನಿಗೆ ಅಂಟಿದಂತಿದ್ದ ಮೇಲಿನ ನಟ್ಟಿಗೆ ಒತ್ತಿದರು. ಪೇಪರು ಒದ್ದೆ.

"ನೋಡು, ನೀರು ಮೇಲಿಂದ ಪೈಪ್ ಹಿಡ್ಕೊಂಡು ಜಾರಿ ಬಂದು ಕೆಳಗೆ ಬೀಳ್ತಿದೆ. ಕೆಳಗಿನ ನಟ್ಟು ಪಾಪ ಏನೂ ಮಾಡಿಲ್ಲ, ಸುಮ್ನೆ ಅದರ ಕತ್ತು ಹಿಸುಕಿದೀಯ" ಅಂದರು.

"ನನಗೇನು ಗೊತ್ತು? ಎದುರಿಗೆ ಸಿಕ್ಕಿದವರ ಕತ್ತು ಹಿಸುಕೋದು ನನ್ನ ಅಭ್ಯಾಸ" ಅಂದೆ.

"ಅದು ಗೊತ್ತು ಬಿಡು" ಅಂದರು. ಎಷ್ಟೋ ದಿನಗಳ ಮೇಲೆ ಬಂದ ಕೊಂಕು ಮಾತು. ನನಗೆ ಪಾಯಸ ಕುಡಿದಷ್ಟು ಸಂತೋಷವಾಯಿತು.

ಗೋಡೆಯ ವಾಲ್ವನ್ನು ಅವರೇ ತಿರುಗಿಸಿ ಮುಚ್ಚಿದರು. ಪೈಪಿನಲ್ಲಿ ಉಳಿದ ನೀರು ಹೋಗಲೆಂದು ನಲ್ಲಿ ಬಿಡಲು ಹೇಳಿದರು. ಮೇಲಿನ ನಟ್ಟು ಇದ್ದದ್ದು ಕಣ್ಣಿದ್ದವರಿಗೂ ಕಾಣದ ಸಂದಿಯಲ್ಲಿ. ಅವರ ಕೈ ಅಲ್ಲಿಗೆ ಹೋಯಿತು, ಸ್ಪ್ಯಾನರ್ ಕಚ್ಚಿತು, ನಟ್ಟು ಸಡಿಲವಾಯಿತು. ಒಳಗಿನ ರಬ್ಬರ್ ವಾಷರ್ ಬಿರುಕುಬಿಟ್ಟು ಚೂರಾಗಿ ಅವರ ಅಂಗೈಗೆ ಬಿತ್ತು. "ತಕರಾರು ಇದರದ್ದೇ" ಎಂದು ನನಗೆ ಕೊಟ್ಟರು. ಪೆಟ್ಟಿಗೆಯ ಸಣ್ಣ ಡಬ್ಬಿಯಲ್ಲಿದ್ದ ವಾಷರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಅದೇ ಅಳತೆಯದನ್ನು ಆರಿಸಿದರು, ಪೈಪಿನ ಬಾಯಿಗೆ ಕೂರಿಸಿ ನಟ್ಟನ್ನು ಬೆರಳಲ್ಲೇ ತಿರುಗಿಸತೊಡಗಿದರು. ಆಗ ಅವರ ಮೊಣಕೈ ನನ್ನ ಕೈಗೆ ತಗುಲಿ ಏನೋ ಪೈಪಿಗೆ ಬಡಿದು ಠಣ್ ಅಂದಿತು.

"ಏನದು?"

ನಾನು ನನ್ನ ಕೈ ನೋಡಿಕೊಂಡೆ. ಟಾರ್ಚು. ಹೊತ್ತಿಸಿದ ಟಾರ್ಚು. ಮದುವೆಯಾದಾಗಿನಿಂದ ಅವರು ಯಾವುದರ ಕೆಳಗೆ ಮಲಗಿದರೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಟಾರ್ಚ್ ಹಿಡಿಯುವುದು ನನ್ನ ಕೆಲಸ. ಪೆಟ್ಟಿಗೆಯಿಂದ ಅದನ್ನು ಯಾವಾಗ ಎತ್ತಿಕೊಂಡೆನೋ ನನಗೇ ಗೊತ್ತಿಲ್ಲ. ಬೆಳಕು ನೇರ ಅವರ ಕಣ್ಣಿನೊಳಕ್ಕೆ ಬೀಳುತ್ತಿತ್ತು. ಅವರು ರೆಪ್ಪೆ ಮಿಟುಕಿಸುತ್ತಿರಲಿಲ್ಲ.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಟಾರ್ಚು" ಅಂದೆ.

"ಹೊತ್ತಿಸಿದೀಯಾ?"

"ಹೂಂ."

"ಬೆಳಕು ಎಲ್ಲಿ ಬೀಳ್ತಿದೆ?"

"ನಿಮ್ಮ ಮುಖದ ಮೇಲೆ."

ಅವರ ಹೊಟ್ಟೆ ಕುಲುಕತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. ನಕ್ಕ ರಭಸಕ್ಕೆ ಹಣೆ ಬೇಸಿನ್ನಿಗೆ ಬಡಿಯಿತು, ಆದರೂ ನಗು ನಿಲ್ಲಲಿಲ್ಲ. "ನಟ್ಟಿನ ಮೇಲೆ ಹಿಡಿಯೇ ಅಂತ ಬಡ್ಕೊಂಡು ಬಡ್ಕೊಂಡು ನಂಗೆ ವಯಸ್ಸಾಯ್ತು. ಕಣ್ಣೇ ಹೋಯ್ತು ಮಾರಾಯ್ತಿ, ನಿನ್ನ ಟಾರ್ಚು ಮಾತ್ರ ನನ್ನ ಮುಖ ಬಿಡ್ಲಿಲ್ಲ!"

ನಾನೂ ನಕ್ಕೆ, ಜೊತೆಗೆ ಅತ್ತೂಬಿಟ್ಟೆ. ಒದ್ದೆ ನೆಲದಲ್ಲಿ ಕೂತು ಯಾವುದು ಯಾವ ನೀರೆಂದು ತಿಳಿಯದಷ್ಟು ಅತ್ತೆ. ಟಾರ್ಚು ಆರಿಸಲು ಹೋದಾಗ ಅವರು ಕೈ ಹಿಡಿದರು. "ಇರ್ಲಿ, ಹಿಡಿ. ನೀನು ಹಿಡಿದಿದ್ರೇನೇ ನಂಗೆ ಕೈ ಓಡೋದು."

ಹಿಡಿದೆ. ಸ್ಪ್ಯಾನರಿನಿಂದ ಕೊನೆಗೊಂದು ಹದವಾದ ಬಿಗಿ ಕೊಟ್ಟರು, ವಾಲ್ವನ್ನು ಮೆಲ್ಲಗೆ ತೆರೆದರು, ಹೊಸ ಪೇಪರಿನ ಚೂರು ಒತ್ತಿ ನನ್ನ ಕೈಗಿಟ್ಟರು. ಅದು ಗರಿಗರಿಯಾಗಿ ಒಣಗಿತ್ತು.

ಸಂಜೆ ಅಳಿಯ ಬಂದ. ಟೀ ಕುಡಿದು, ಪೆಟ್ಟಿಗೆಯ ಹಿಡಿ ಹಿಡಿದು ಎತ್ತಿದ. ಒಳಗಿನ ಸಾಮಾನು ಗಲಗಲ ಅಂದಿತು.

"ಅಲ್ಲೇ ಇಡಿ ಅಳಿಯಂದ್ರೇ" ಅಂದರು ಇವರು. "ಅದು ಬೇಕು ನಂಗೆ."

ಅಳಿಯ ನನ್ನ ಮುಖ ನೋಡಿದ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಬರಿಗೈಲಿ ಕಳಿಸಬೇಕಲ್ಲ ಎಂದು ಇವರಿಗೆ ಸಂಕೋಚವಾಯಿತೇನೋ, ಪೆಟ್ಟಿಗೆಯೊಳಗೆ ತಡಕಾಡಿ ಟಾರ್ಚನ್ನು ಹೊರಗೆಳೆದರು. "ಇದನ್ನ ತಗೊಂಡು ಹೋಗಿ. ನಂಗೇನೂ ಉಪಯೋಗ ಇಲ್ಲ."

ನಾನು ಎದ್ದು ಹೋಗಿ ಅದನ್ನು ಅವರ ಕೈಯಿಂದ ಕಿತ್ತುಕೊಂಡೆ.

"ಅದು ನಿಮ್ದಲ್ಲಾರೀ" ಅಂದೆ. "ನಂದು."