ದೆವ್ವ ನಂಬದವರ ಭಾನುವಾರ

ನಮ್ಮ ಅಕ್ಕ ಶೇವಂತಾಬಾಯಿ ಔರಾದದ ಬುದ್ಧವಿಹಾರದಲ್ಲಿ ಹುಣ್ಣಿಮೆ ಹುಣ್ಣಿಮೆಗೆ ಹೆಂಗಸರನ್ನು ಕೂಡಿಸಿಕೊಂಡು, ದೆವ್ವ ಭೂತ ಎಲ್ಲ ಸುಳ್ಳು ಎಂದು ಭಾಷಣ ಮಾಡುವವಳು. ನಮ್ಮದು ಬೌದ್ಧ ದೀಕ್ಷೆ ತೆಗೆದುಕೊಂಡ ಮನೆತನ. ಮಾಟ, ಮಂತ್ರ ಎಂಬ ಮಾತು ಮನೆಯಲ್ಲಿ ಯಾರಾದರೂ ಎತ್ತಿದರೆ ಅಕ್ಕನ ಕೈಯ ಸೌಟು ಮೇಲೆದ್ದುಬಿಡುತ್ತದೆ. ಅಂಥವಳು, ತಾನೇ ಸಾಕಿದ ಮೊಮ್ಮಗಳು ಪ್ರಣಾಲಿಗೆ ಕೂಡಿಬಂದ ಒಳ್ಳೆಯ ಸಂಬಂಧವನ್ನು ಬೇಡ ಎಂದು ಕೂತಳು. ಯಾಕೆಂದು ಕೇಳಿದರೆ ದಿನಕ್ಕೊಂದು ನೆವ.

ಹುಡುಗ ರತ್ನದೀಪ, ಬೀದರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಊರ ಅಂಚಿನ ಕೆರೆಯ ದಂಡೆಗೆ ಹೊಸ ಮನೆ ಕಟ್ಟಿದ್ದಾನೆ. ಪ್ರಣಾಲಿ ಔರಾದದ ಆಸ್ಪತ್ರೆಯಲ್ಲಿ ನರ್ಸು. ಇಬ್ಬರಿಗೂ ಒಬ್ಬರಿಗೊಬ್ಬರು ಮನಸ್ಸಿಗೆ ಬಂದಿದ್ದರು. ಭಾಲ್ಕಿಯ ನನ್ನ ಮನೆಗೆ ಬಂದು, "ಅಜ್ಜಾ, ಮಾಡ್ಕೊಂಡ್ರ ಅವರಿಗೇ ಮಾಡ್ಕೋತೇನಿ, ಇಲ್ಲಂದ್ರ ಯಾರೂ ಬ್ಯಾಡ" ಎಂದು ಹುಡುಗಿ ಅತ್ತಳು. ನಾನು ಜೀವಮಾನವೆಲ್ಲ ಸರಕಾರಿ ಬಸ್ಸು ಓಡಿಸಿದವನು, ಎಂಥ ಜಗಳಕ್ಕೂ ಜಗ್ಗುವವನಲ್ಲ. ಆದರೆ ಹೆಣ್ಣುಮಕ್ಕಳ ಕಣ್ಣೀರು ನನಗೆ ಆಗಿಬರುವುದಿಲ್ಲ.

ಅಕ್ಕನ ನೆವಗಳಾದರೂ ಎಂಥವು. ಕೆರೆ ಇದ್ದಲ್ಲಿ ಸೊಳ್ಳೆ, ಅಲ್ಲಿಯ ನೀರಿಗೆ ಬೇಳೆ ಬೇಯುವುದಿಲ್ಲ, ಬಸ್‌ಸ್ಟ್ಯಾಂಡು ದೂರ. ನನಗೆ ನಿಜ ಗೊತ್ತಿತ್ತು. ಮನೆ ನೋಡಲು ಹೋದ ದಿನ ಅಡುಗೆಮನೆಯ ಕಿಟಕಿಯಿಂದ ಒಂದು ಹಾಳು ಗುಂಬಜ್ ಕಂಡಿತ್ತು. ಅದರೊಳಗೆ ಮುಚ್ಚಂಜೆಗೆ ಕೂಸುಗಳು ಅಳುತ್ತವೆ ಎಂದು ಪಕ್ಕದ ಮನೆಯ ಹೆಂಗಸು ಅಕ್ಕನ ಕಿವಿಯಲ್ಲಿ ಊದಿದ್ದಳು. ಆವತ್ತಿನಿಂದ ಅಕ್ಕನ ಮುಖ ಇಳಿದದ್ದು ಏರಿರಲಿಲ್ಲ. ಅಂಜಿಕೆ ಎಂದು ಬಾಯಿಬಿಟ್ಟರೆ ಇಷ್ಟು ವರ್ಷದ ಭಾಷಣ ನೀರುಪಾಲು.

ನಾನು ರತ್ನದೀಪನಿಗೆ ಫೋನ್ ಹಚ್ಚಿ ಎಲ್ಲ ಹೇಳಿದೆ. ಅವನು ನಕ್ಕ. "ಐತಾರ ಆಯಿಗಿ ಕರ್ಕೊಂಡು ಬರ್ರಿ. ನಮ್ಮ ಕಡಿ ಎಲ್ಲೆಲ್ಲಿ ದೆವ್ವ ಅದಾವ ಅಂತಾರ, ಅವೆಲ್ಲ ಜಾಗಾ ಹಗಲಿನ್ಯಾಗೇ ತೋರಸ್ತೇನ್ರಿ" ಎಂದ. ಅಕ್ಕ ಒಲ್ಲೆ ಎನ್ನುವ ಹಾಗಿರಲಿಲ್ಲ. ಒಲ್ಲೆ ಎಂದರೆ ಅಂಜಿದ ಹಾಗೆ.

ಭಾಲ್ಕಿಯಿಂದ ನಾನು ನೆರೆಮನೆಯ ಮಾಣಿಕನ ಟಂಟಂ ಆಟೋ ತಂದೆ. ಔರಾದದಿಂದ ಬಸ್ಸಿಗೆ ಬಂದ ಅಜ್ಜಿ ಮೊಮ್ಮಗಳನ್ನು ಬೀದರ ಬಸ್‌ಸ್ಟ್ಯಾಂಡಿನಲ್ಲಿ ಹತ್ತಿಸಿಕೊಂಡು ಕೆರೆಯ ಕಡೆ ಹೊರಟೆ. ರತ್ನದೀಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ದಾರಿಯಲ್ಲೇ ನಿಂತಿದ್ದ.

ಮೊದಲು ಹುಣಸೆಮರದ ಕೆಳಗಿನ ಪಾಳುಬಾವಿ. ಒಳಗೆ ಯಾರೋ ನರಳುತ್ತಾರೆ ಎಂಬ ಮಾತಿದೆ. ರತ್ನದೀಪ ಒಂದು ಕಲ್ಲು ಒಗೆದ, ಪಾರಿವಾಳಗಳು ಭರ್ರೆಂದು ಎದ್ದು ಹೋದವು. "ಇಷ್ಟೇ ನೋಡ್ರಿ ದೆವ್ವ" ಎಂದ. ಆಮೇಲೆ ಬಿದ್ದುಹೋದ ಹವೇಲಿ. ಅಲ್ಲಿ ಒಬ್ಬ ಬೇಗಂ ಗೆಜ್ಜೆ ಕಟ್ಟಿಕೊಂಡು ಓಡಾಡುತ್ತಾಳಂತೆ. ಗಾಳಿಗೆ ತಗಡೊಂದು ಝಣ್ಣೆಂದಿತು, ಪ್ರಣಾಲಿ ಗಪ್ಪನೆ ಅಜ್ಜಿಯ ಕೈ ಹಿಡಿದಳು. "ನರ್ಸಬಾಯಿ, ತಗಡಿಗಿ ಅಂಜತಾರೇನ್ರಿ?" ಎಂದು ರತ್ನದೀಪ ನಕ್ಕ. ನಾನೂ ನಕ್ಕೆ. ಅಕ್ಕ ನಗಲಿಲ್ಲ. ಅವನು ಗಾಳಿ, ಶಬ್ದ, ಪ್ರತಿಧ್ವನಿ ಎಂದು ಪಾಠ ಹೇಳಿದಷ್ಟೂ ಅವಳ ತುಟಿ ಬಿಗಿಯಾಗುತ್ತಿತ್ತು. ಹುಡುಗ ಇಷ್ಟು ಚೆನ್ನಾಗಿ ಬಿಡಿಸಿ ಹೇಳುತ್ತಿದ್ದಾನೆ, ಇವಳಿಗೆ ಇನ್ನೇನು ಬೇಕು ಎಂದು ನನಗೆ ಸಿಟ್ಟು ಬಂತು.

ಗುಂಬಜ್ ಮುಟ್ಟುವ ಹೊತ್ತಿಗೆ ಬಿಸಿಲು ಕೆರೆಯ ಆಚೆ ದಡಕ್ಕೆ ಸರಿದಿತ್ತು. ರತ್ನದೀಪನೂ ಆ ಹೊತ್ತಿನಲ್ಲಿ ಅಷ್ಟು ಹತ್ತಿರ ಬಂದವನಲ್ಲ ಎಂದು ಆಮೇಲೆ ತಿಳಿಯಿತು. ಬಾಗಿಲಲ್ಲಿ ನಿಂತು, "ಇಲ್ಲಿ ಏನೂ ಇಲ್ರಿ ಆಯಿ, ಖಾಲಿ..." ಎನ್ನುತ್ತಿದ್ದ. ಅಷ್ಟರಲ್ಲಿ ಒಳಗಿನ ಕತ್ತಲಲ್ಲಿ ಒಂದು ಕೂಸು ಅತ್ತಿತು. ಅದರ ಹಿಂದೆ ಇನ್ನೊಂದು. ಆಮೇಲೆ ಗುಂಬಜಿಗೆ ಗುಂಬಜೇ ಅಳತೊಡಗಿತು.

ನಾನು ಓಡಲಿಲ್ಲ. ಟಂಟಂ ಮಾಣಿಕನದು, ಬ್ರೇಕ್ ಹಾಕಿದೆನೋ ಇಲ್ಲವೋ ನೋಡಬೇಕಿತ್ತು, ಅದಕ್ಕೇ ಸ್ವಲ್ಪ ಜೋರಾಗಿ ನಡೆದೆ. ಓಡಿದವನು ವಿಜ್ಞಾನದ ಮಾಸ್ತರ. ಚಪ್ಪಲಿ ಒಂದು ಕಡೆ ತಾನೊಂದು ಕಡೆಯಾಗಿ ಕೆರೆಯ ಏರಿ ಹತ್ತಿದ. ಅಕ್ಕನಿಗೆ ಮೊಣಕಾಲು ನೋವು, ಕದಲಲಾಗಲಿಲ್ಲ. ಪ್ರಣಾಲಿ ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡು ಕಣ್ಣು ಮುಚ್ಚಿ ನಿಂತಿದ್ದಳು. ಮದುವೆ ಮುರಿಯಿತು ಎಂದುಕೊಂಡೆ.

ಏರಿಯ ಮೇಲೆ ರತ್ನದೀಪ ತಿರುಗಿ ನೋಡಿದ. ಒಂದು ಗಳಿಗೆ ಹಾಗೇ ನಿಂತ. ಆಮೇಲೆ ಬರಿಗಾಲಲ್ಲಿ ಇಳಿದು ಬಂದ. ಹೆಜ್ಜೆ ಹೆಜ್ಜೆಗೂ ಅಳುಕುವುದು ಟಂಟಂ ಹತ್ತಿರ ನಿಂತ ನನಗೂ ಕಾಣುತ್ತಿತ್ತು. ಬಂದವನು ಬಾಗಿಲಿಗೂ ಅವರಿಬ್ಬರಿಗೂ ನಡುವೆ ನಿಂತು, "ಆಯಿ, ನನ್ನ ಹೆಗಲ ಹಿಡ್ಕೋರಿ. ನನಗೂ ಅಂಜಿಕಿ ಆಗ್ಲತ್ತದ್ರಿ. ಮೂರೂ ಮಂದಿ ಕೂಡೇ ಇಲ್ಲಿಂದ ಹೋಗಮ್ರಿ" ಎಂದ.

ಅಕ್ಕ ಅವನ ಹೆಗಲು ಹಿಡಿಯುವುದಕ್ಕೂ ಏರಿಯ ಆಚೆಯಿಂದ ಒಂದು ಕುರಿಹಿಂಡು ಇಳಿಯುವುದಕ್ಕೂ ಸರಿಹೋಯಿತು. ಹಿಂದೆ ಕಂಬಳಿ ಹೊದ್ದ ಮುದುಕ, ಕುರಿ ಕಾಯುವ ಹಣಮಂತಪ್ಪ. ಬಾಗಿಲಿಗೆ ಅಡ್ಡವಿದ್ದ ಮುಳ್ಳುಕಂಟಿಯನ್ನು ಅವನು ಎಳೆದದ್ದೇ ತಡ, ಕುರಿಗಳು ಮೂವರನ್ನೂ ತಳ್ಳಿಕೊಂಡು ಒಳಗೆ ನುಗ್ಗಿದವು.

"ಮರಿ ಅವ್ರಿ" ಎಂದ ಹಣಮಂತಪ್ಪ. "ಸಣ್ಣವು, ಬಿಸಲಾಗ ಅಡ್ಡ್ಯಾಡಂಗಿಲ್ಲ. ಮುಳ್ಳುಕಂಟಿ ಹಚ್ಚಿ ಇಲ್ಲೇ ಬಿಟ್ಟು ಹೋಗ್ತೇನಿ. ಅವ್ವನ ದನಿ ದೂರಿಂದ ಕೇಳಿದ್ರ ಸಾಕು, ಹಿಂಗೇ ಬಾಯಿ ತೆಗೀತಾವ."

ಒಳಗೆ ಅಳು ನಿಂತು ಹಾಲು ಚಪ್ಪರಿಸುವ ಸದ್ದು ಕೇಳಿಸಿತು. ಪ್ರಣಾಲಿಗೆ ನಗು ತಡೆಯಲಾಗಲಿಲ್ಲ. ಬ್ರೇಕ್ ಸರಿಯಾಗಿದೆ ಎಂದು ಹೇಳುತ್ತ ನಾನೂ ಬಂದೆ, ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ರತ್ನದೀಪನ ಮನೆಯಲ್ಲಿ ಚಹಾ ಆಯಿತು. ಅವನು ತಲೆ ಎತ್ತಲಿಲ್ಲ. "ಆಯಿ, ನಿಮಗ ಬಿಟ್ಟು ಓಡಿದ್ದು ತಪ್ಪಾಯ್ತ್ರಿ. ಮನಸ್ಸಿಲ್ಲಂದ್ರ ಹೇಳ್ರಿ, ನಾ ಏನೂ ಅನ್ನಂಗಿಲ್ಲ" ಎಂದ. ಪ್ರಣಾಲಿ ಕಪ್ಪು ಕೆಳಗಿಟ್ಟು ಅಜ್ಜಿಯ ಮುಖ ನೋಡಿದಳು.

ಅಕ್ಕ ಚಹಾ ಪೂರ್ತಿ ಕುಡಿದಳು. "ಇಕಿಗಿ ಸಣ್ಣಾಕಿದ್ದಾಗಿಂದ ಅಂಜಿಕಿ ಭಾಳ" ಎಂದಳು. "ಲೈಟ್ ಆರಿಸಿದ್ರ ನಿದ್ದಿ ಬರಂಗಿಲ್ಲ. ನಾ ಒಂದಿನ ಆರಿಸಿಲ್ಲ. ಆ ಗುಂಬಜಿನ ಬಾಜೂಕ ಇಕಿ ರಾತ್ರಿ ಹ್ಯಾಂಗ ಇರ್ತಾಳ ಅಂತ ನನಗ ಚಿಂತಿ. ಮ್ಯಾಲ ಅಂಜಿಕಿ ಕಂಡು ನಗೋ ಗಂಡ. ಮುಂಜಾನಿಂದ ನಿಮ್ಮ ಪಾಠ ಕೇಳಿ ಕೇಳಿ ಖರೇನೇ ಒಲ್ಲೆ ಅನ್ಲಕ್ಕಿದ್ದೆ, ಮಾಸ್ತರ್ರೇ."

ಅಕ್ಕ ಎದ್ದು ಅಡುಗೆಮನೆಗೆ ಹೋಗಿ ಕಿಟಕಿಯಿಂದ ಗುಂಬಜನ್ನು ಬಹಳ ಹೊತ್ತು ನೋಡಿದಳು. ತಿರುಗಿದಾಗ ಅವಳ ಮುಖದಲ್ಲಿ ನಗು ಇತ್ತು.

"ತಮ್ಮಾ, ಮದಿವಿಗಿ ಮದಲ ಈ ಕಿಡಕಿಗಿ ಒಂದು ಪರದಾ ಹಾಕ್ಸು" ಎಂದು ರತ್ನದೀಪನಿಗೆ ಹೇಳಿದಳು. "ಅಂಜೋರು ಈಗ ಇಬ್ರಾದ್ರಿ."