ಒಂದು ಸಾಲಿನ ಕರಾರು

“ಲಾಯರಮ್ಮಾ, ಟೀ ಆಯ್ತಾ? ಇಲ್ಲಾ ಅದಕ್ಕೂ ವಾಯಿದೆ ತಗೊಂಡಿದೀಯಾ?”

ನಡುಮನೆಯಿಂದ ಚಿಕ್ಕಪ್ಪ ಶೌಕಿಯ ದನಿ ಬಂತು. ಅದರ ಬೆನ್ನಿಗೇ ಹಾಜಿ ಬದ್ರಾನನ ನಗು. ಇನಾಸ್ ಅಡುಗೆಮನೆಯಲ್ಲಿದ್ದಳು. ಒಲೆಯ ಮೇಲೆ ನೀರು ಕುದಿಯುತ್ತಿತ್ತು; ಅವಳು ಕಟ್ಟೆಯ ಒದ್ದೆ ಒರೆಸಿ, ಹಾಜಿಯ ಅಂಗಡಿ ಮಾರಾಟದ ಕರಾರು ಪತ್ರವನ್ನು ಅಲ್ಲಿ ಹರಡಿಕೊಂಡು ಎರಡನೇ ಸಲ ಓದುತ್ತಿದ್ದಳು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಅಚ್ಚಿನ ಹಾಳೆ ಅದು. ಮನೆ ಮಾರುವವರಿಗೂ ಅದೇ, ಮೋಟಾರು ಮಾರುವವರಿಗೂ ಅದೇ. ಖಾಲಿ ಜಾಗಗಳನ್ನು ಹಾಜಿಯೇ ದುಂಡಗಿನ ಅಕ್ಷರದಲ್ಲಿ ತುಂಬಿದ್ದ.

ಪಕ್ಕದಲ್ಲಿ ಚಿಕ್ಕಮ್ಮ ಸನಿಯ್ಯಾ ಎರಡು ಹಿಡಿಯ ಬಾಗುಕತ್ತಿ ಹಿಡಿದು ಮುಲೂಖಿಯಾ ಸೊಪ್ಪನ್ನು ಸಣ್ಣಗೆ ಹೆಚ್ಚುತ್ತಿದ್ದಳು. ಬೆಳಿಗ್ಗೆ ಫೋನು ಮಾಡಿ ‘ಸೊಪ್ಪು ಎಳೆಯದು ಸಿಕ್ಕಿದೆ, ಊಟಕ್ಕೆ ಬಾ’ ಎಂದು ಇನಾಸಳನ್ನು ಕರೆಸಿಕೊಂಡವಳು ಅವಳೇ. ಸೊಪ್ಪು ನೆಪವೆಂದು ಇನಾಸಳಿಗೆ ಗೊತ್ತಿತ್ತು. ಅಕ್ಕಿಯ ಡಬ್ಬಿಯಲ್ಲಿ, ಅಕ್ಕಿಯೊಳಗೆ ಹೂತಿಟ್ಟ ಬಟ್ಟೆಯ ಚೀಲವೊಂದಿತ್ತು. ಅದರಲ್ಲಿದ್ದದ್ದು ಶೌಕಿ ಕುವೈತಿನಲ್ಲಿ ನೀರಿನ ಟ್ಯಾಂಕರು ಓಡಿಸಿ ಉಳಿಸಿದ್ದು, ಜೊತೆಗೆ ಸನಿಯ್ಯಾಳ ಬಳೆಗಳು ನಿನ್ನೆ ಅಕ್ಕಸಾಲಿಗನ ಅಂಗಡಿಯಲ್ಲಿ ಕರಗಿ ನೋಟುಗಳಾಗಿದ್ದು. ಬಳೆಯಿದ್ದ ಜಾಗದಲ್ಲಿ ಅವಳ ಮಣಿಕಟ್ಟು ಇನ್ನೂ ಬೆಳ್ಳಗಿತ್ತು.

“ಏನಿದೆ ಅದರಲ್ಲಿ?” ಎಂದು ಕತ್ತಿ ನಿಲ್ಲಿಸದೆ ಕೇಳಿದಳು.

“ಬಾಣಲೆ ಇದೆ, ಒಲೆ ಇದೆ, ತಕ್ಕಡಿ ಇದೆ, ಗಾಜಿನ ಬೀರು ಇದೆ. ಮುರಿದ ಸ್ಟೂಲನ್ನೂ ಬರೆದಿದ್ದಾನೆ.”

“ಏನಿಲ್ಲ?”

ಇನಾಸ್ ಒಮ್ಮೆ ಚಿಕ್ಕಮ್ಮನನ್ನು ನೋಡಿದಳು. ಕೋರ್ಟಿನಲ್ಲಿ ಕಕ್ಷಿದಾರರು ಕೇಳಬೇಕಾದ ಪ್ರಶ್ನೆ ಅದು; ಅವರಲ್ಲಿ ಯಾರೂ ಕೇಳುವುದಿಲ್ಲ. “ಅಂಗಡಿ ಮಾರಿದ ಮೇಲೆ ಅವನೋ ಅವನ ಮಕ್ಕಳೋ ಇದೇ ಊರಲ್ಲಿ ಇದೇ ಮಿಠಾಯಿ ವ್ಯಾಪಾರ ಮಾಡಕೂಡದು ಅನ್ನೋ ಒಂದು ಸಾಲಿಲ್ಲ. ಚಿಕ್ಕಪ್ಪ ಕೊಳ್ತಿರೋದು ಬಾಣಲೇನಲ್ಲ ಚಿಕ್ಕಮ್ಮ. ಅಲ್ಲಿಗೆ ಬಂದು ಅಭ್ಯಾಸ ಆಗಿರೋ ಜನರನ್ನ. ಅವನು ಎದುರಿಗೇ ಕೂತುಬಿಟ್ರೆ ಜನ ರಸ್ತೆ ದಾಟ್ತಾರೆ, ಅಷ್ಟೇ.”

ಸನಿಯ್ಯಾ ಕತ್ತಿ ಕೆಳಗಿಟ್ಟಳು. “ಎದುರಿಗೇ,” ಎಂದಳು. “ಸೋಮವಾರ ತರಕಾರಿಗೆ ಬಾಲ್ಕನಿಯಿಂದ ಬುಟ್ಟಿ ಇಳಿಬಿಟ್ಟಿದ್ದೆ. ಹಾಜಿ ಅಂಗಡಿ ಎದುರಿನ ಮುಚ್ಚಿದ ಅಂಗಡಿಗೆ ಒಂದು ಬಾಣಲೆ ಹೊತ್ಕೊಂಡು ಹೋದ್ರು, ಹೊಸದು. ನಮ್ಮನೆ ಬಾಗಿಲಲ್ಲಿ ಹಿಡಿಸಲ್ಲ, ಅಷ್ಟಗಲ. ಹಾಜಿಯ ದೊಡ್ಡ ಮಗ ಕೂಲಿಯವರಿಗೆ ದುಡ್ಡು ಕೊಡ್ತಿದ್ದ. ನಿನ್ನ ಚಿಕ್ಕಪ್ಪಂಗೆ ಹೇಳ್ದೆ. ‘ನಿನ್ನ ತಲೇನೂ ಆ ಬುಟ್ಟಿ ಜೊತೆ ಕೆಳಗೆ ಹೋಗಿದೆ, ಮೇಲೆಳ್ಕೋ’ ಅಂದ್ರು.”

ಇನಾಸ್ ಟೀ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸಿದಳು. ಹಾಳೆಯ ಕೊನೆಯಲ್ಲಿ ಉಳಿದಿದ್ದ ಜಾಗದಲ್ಲಿ ಒಂದು ಸಾಲು ಬರೆದು, ಅದನ್ನು ಮಡಚಿ ತಟ್ಟೆಯ ಕೆಳಗೆ ಹಿಡಿದುಕೊಂಡು ಹೊರಟಳು.

ನಡುಮನೆಯಲ್ಲಿ ಹಾಜಿ ಬದ್ರಾನ್ ಸೋಫಾದ ತುಂಬ ಕೂತಿದ್ದ. ಹಣೆಯ ಮೇಲೆ ನಮಾಜಿನ ಕಪ್ಪು ಗುರುತು, ಬೆರಳ ಸಂದಿಯಲ್ಲಿ ಜಪಮಣಿ, ಮೈತುಂಬ ಅತ್ತರು. ಕೋಣೆಯೊಳಗೆ ಅವನಿಗಿಂತ ಮೊದಲು ಆ ಅತ್ತರು ಬಂದಿತ್ತು, ಅವನು ಹೋದ ಮೇಲೂ ಪರದೆಗಳಲ್ಲಿ ಉಳಿಯುವುದಿತ್ತು. ತನ್ನ ಅಂಗಡಿಯದೇ ಮುಶಬ್ಬಕ್ಕಿನ ಡಬ್ಬಿಯೊಂದನ್ನು ಉಡುಗೊರೆಯಾಗಿ ತಂದಿದ್ದ. ಜಾಲರಿಯಂತೆ ಹಿಟ್ಟು ಬಿಟ್ಟು, ಕರಿದು, ಪಾಕದಲ್ಲಿ ಮುಳುಗಿಸುವ ಈ ಮಿಠಾಯಿಗೆ ದುಮ್ಯಾತ್ ಊರಿನಲ್ಲಿ ಅವನ ಅಂಗಡಿಯೇ ಹೆಸರುವಾಸಿ. ಡಬ್ಬಿಗೆ ಕಟ್ಟಿದ ದಾರವನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ.

ಟೀಗೆ ಮೊದಲು, ಬೆಲೆಯ ಸಾಲನ್ನು ಹಾಜಿಯೇ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿ ತೋರಿಸಿದ್ದ. ಶೌಕಿಯೂ ಪತ್ರವನ್ನು ಕೈಗೆ ತೆಗೆದುಕೊಂಡು, ತೋಳುದ್ದ ದೂರ ಹಿಡಿದು, ಗಂಭೀರವಾಗಿ ತಲೆಯಾಡಿಸಿದ್ದ. ಅವನ ಕಣ್ಣು ಸಾಲಿನ ಮೇಲೆ ಹರಿದಿರಲಿಲ್ಲ, ಒಂದೇ ಕಡೆ ನಿಂತಿತ್ತು. ಡಾಕ್ಟರು ಬರೆದುಕೊಟ್ಟ ಕನ್ನಡಕವನ್ನು ಅವನು ಮಾಡಿಸಿಯೇ ಇರಲಿಲ್ಲ. ಕನ್ನಡಕ ಮುದುಕರಿಗೆ ಎನ್ನುತ್ತಿದ್ದ. ‘ಲಾಯರಮ್ಮ ಓದ್ಕೊಳ್ಳಲಿ, ಅವಳಿಗೂ ಪ್ರಾಕ್ಟೀಸ್ ಆಗುತ್ತೆ’ ಎಂದು ಪತ್ರವನ್ನು ಅವಳ ಕಡೆ ಎಸೆದಿದ್ದ, ಹಾಜಿ ನಕ್ಕಿದ್ದ.

“ಹಾಜಿಯವರೇ,” ಇನಾಸ್ ಲೋಟ ಮುಂದಿಟ್ಟಳು, “ಎದುರಿನ ಅಂಗಡಿಗೆ ಬಂದ ಬಾಣಲೆ ಯಾರದು?”

ಜಪಮಣಿ ನಿಂತಿತು. ಹಾಜಿಗೆ ಕೋಪ ಬರಲಿಲ್ಲ, ನೋವಾಯಿತು. ಅವನಿಗೆ ಇಂಥ ಹೊತ್ತಿನಲ್ಲಿ ಯಾವಾಗಲೂ ನೋವಾಗುತ್ತಿತ್ತು.

“ನೋಡಿದ್ಯಾ ಶೌಕಿ. ಮೂರು ಸಲ ಮಕ್ಕಾಕ್ಕೆ ಹೋಗಿಬಂದೆ. ಈ ಗಡ್ಡ ಹಿಟ್ಟಿನ ಧೂಳಲ್ಲೇ ಬೆಳ್ಳಗಾಯ್ತು. ಇವತ್ತು ನಿನ್ನ ಮನೇಲಿ ಕೂತು ಬಾಣಲೆ ಲೆಕ್ಕ ಒಪ್ಪಿಸ್ಬೇಕಾಯ್ತು.” ಆಮೇಲೆ ಇನಾಸಳ ಕಡೆ ತಿರುಗಿ, ಹಾಲು ಚೆಲ್ಲಿದ ಮಗುವಿಗೆ ಹೇಳುವಂತೆ, “ಅದು ನನ್ನ ಮಗ ಬೇರೆ ಊರಲ್ಲಿ ಮಾರೋಕೆ ತರಿಸಿದ್ದು ತಾಯಿ. ಈ ಬೀದೀಲಿ ನಾನಾಗಲಿ ನನ್ನ ಮಕ್ಕಳಾಗಲಿ ಇನ್ನೊಂದು ಸಲ ಪಾಕ ಇಟ್ರೆ ಈ ಕೈ ಬಿದ್ದುಹೋಗಲಿ. ಸಾಕಾ?” ಎಂದ.

“ಸಾಕು ಸಾಕು,” ಎಂದ ಶೌಕಿ. ಅವನ ಕಿವಿ ಕೆಂಪಗಾಗಿತ್ತು. “ತಪ್ಪು ತಿಳ್ಕೋಬೇಡಿ ಹಾಜಿ. ಇವಳನ್ನ ಓದಿಸಿದ್ದು ನಮ್ಮ ತಪ್ಪು. ಮಾನ ಇಲ್ಲದವರ ಜೊತೆ ವ್ಯವಹಾರ ಮಾಡೀ ಮಾಡೀ ಇವಳಿಗೆ ಎಲ್ಲರೂ ಹಾಗೇ ಕಾಣ್ತಾರೆ.”

“ಹಾಗಾದ್ರೆ ಬಾ, ಫಾತಿಹಾ ಓದಿ ಮಾತು ಗಟ್ಟಿ ಮಾಡ್ಬಿಡೋಣ,” ಎಂದ ಹಾಜಿ, ಅಂಗೈಗಳನ್ನು ಆಗಲೇ ಎತ್ತಿ.

ಶೌಕಿಯೂ ಎತ್ತಿದ. ಕುರಾನಿನ ಆ ಮೊದಲ ಪ್ರಾರ್ಥನೆಗೆ ಇಬ್ಬರ ತುಟಿಗಳೂ ಆಡಿದವು. ಇನಾಸಳ ಕೈಯಲ್ಲಿ ತಟ್ಟೆಯಿತ್ತು, ಅವಳು ನಿಂತೇ ಇದ್ದಳು. ಬಾಗಿಲಲ್ಲಿ ಸನಿಯ್ಯಾ, ಕೈಗೆ ಹಸಿರು ಮೆತ್ತಿಕೊಂಡು. ಗಂಡಸರಿಬ್ಬರೂ ಅಂಗೈಗಳಿಂದ ಮುಖ ಒರೆಸಿಕೊಂಡರು. ಇಷ್ಟಾದ ಮೇಲೆ ಹಿಂದೆ ಸರಿದವನು ಬೀದಿಯಲ್ಲಿ ತಲೆಯೆತ್ತಿ ನಡೆಯುವ ಹಾಗಿಲ್ಲ. ಹಾಜಿಗೆ ಅದು ಎಲ್ಲ ಕಾನೂನಿಗಿಂತ ಚೆನ್ನಾಗಿ ಗೊತ್ತಿತ್ತು. ಎದುರಿಗಿರುವವನು ನಾಚಿಕೆ ಪಡುವ ಮನುಷ್ಯನಾದರೆ ಅವನ ಮುಂದೆ ಯಾವ ಆಣೆಯನ್ನಾದರೂ ಇಡಬಹುದು.

“ಸನಿಯ್ಯಾ, ಚೀಲ ತಾ,” ಎಂದ ಶೌಕಿ.

ಇನಾಸ್ ತಟ್ಟೆಯ ಕೆಳಗಿನ ಹಾಳೆಯನ್ನು ಬಿಡಿಸಿ ಹಾಜಿಯ ಮುಂದಿಟ್ಟಳು. “ನೀವು ಈಗ ಬಾಯಿಬಿಟ್ಟು ಹೇಳಿದ್ರಲ್ಲ, ಅದನ್ನೇ ಆಗಲೇ ಇಲ್ಲಿ ಬರೆದಿಟ್ಟಿದೀನಿ. ನೀವಾಗಲಿ ನಿಮ್ಮ ಮಕ್ಕಳಾಗಲಿ ಊರಲ್ಲಿ ಐದು ವರ್ಷ ಈ ವ್ಯಾಪಾರ ಮಾಡೋ ಹಾಗಿಲ್ಲ, ಮಾಡಿದ್ರೆ ಪೂರ್ತಿ ಬೆಲೆ ವಾಪಸ್ಸು. ಕೈ ಬಿದ್ದುಹೋಗೋ ವಿಷಯ ಇದರಲ್ಲಿಲ್ಲ, ಅದು ರಿಜಿಸ್ಟ್ರಾರ್ ಕಚೇರೀಲಿ ನಡೆಯಲ್ಲ. ಇದರ ಕೆಳಗೆ ಒಂದು ಸಹಿ.”

ಹಾಜಿ ಹಾಳೆಯನ್ನು ನೋಡಿದ. ಅಂಗಿಯ ಜೇಬು ತಟ್ಟಿಕೊಂಡ, ಇನ್ನೊಂದು ಜೇಬು ತಟ್ಟಿಕೊಂಡ.

“ಅಯ್ಯೋ, ಕನ್ನಡಕ ಮನೇಲೇ ಬಿಟ್ಟು ಬಂದಿದೀನಲ್ಲ.”

“ಆಗ ಬೆಲೆ ಓದಿದ್ರಿ?”

“ಅದು ಬಾಯಿಪಾಠ ಮಗಳೇ.”

“ಇದನ್ನ ನಾನು ಓದಿ ಹೇಳ್ತೀನಿ.”

“ಕಣ್ಣಾರೆ ನೋಡ್ದೆ ಸಹಿ ಹಾಕಬಾರದು ಅಂತ ನಿಮ್ಮಂಥೋರೇ ಹೇಳಿಕೊಡ್ತೀರಲ್ಲ ಲಾಯರಮ್ಮ?” ಹಾಜಿ ತನ್ನ ಮಾತಿಗೆ ತಾನೇ ಮೆಚ್ಚಿ ಶೌಕಿಯ ತೊಡೆ ತಟ್ಟಿದ. “ಫಾತಿಹಾ ಆಗಿದೆ. ಅದಕ್ಕಿಂತ ದೊಡ್ಡ ಸಹಿ ಯಾವುದಪ್ಪಾ?”

ಶೌಕಿಯ ಹುಬ್ಬು ಗಂಟಾಗಿತ್ತು. ಹಾಜಿ ಕನ್ನಡಕ ಏರಿಸಿ ಬೆಲೆ ಓದಿದ್ದನ್ನು ಅವನೂ ನೋಡಿದ್ದ. ನೋಡಿದ್ದನ್ನು ಹೇಳಿದರೆ ಅಣ್ಣನ ಮಗಳು ಗೆದ್ದಂತಾಗುತ್ತಿತ್ತು. ಅವನು ಹೇಳಲಿಲ್ಲ. “ಚೀಲ ತಾ ಅಂದೆ,” ಎಂದು ಹೆಂಡತಿಯ ಮೇಲೆ ರೇಗಿದ.

ಸನಿಯ್ಯಾ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಒಳಗೆ ಬಂದಳು. ಅವಳ ಕೈಯಲ್ಲಿ ಚೀಲವಿರಲಿಲ್ಲ. ದನಿ ತುಂಬ ಮೆತ್ತಗಿತ್ತು.

“ಕೊಡ್ತೀನಿ. ಆದ್ರೆ ಹಾಜಿಯವರು ಕನ್ನಡಕ ಇಲ್ದೆ ಎಣಿಸೋದು ಹೇಗೆ? ಎಲ್ಲಾ ಸಣ್ಣ ಸಣ್ಣ ನೋಟು. ನಾಳೆ ಒಂದು ಕಡಿಮೆ ಬಂತು ಅಂದ್ರೆ ಪಾಪ ನಮಗೆ ಸುತ್ಕೊಳುತ್ತೆ.”

“ನಂಬಿಕೆ ಮೇಲೆ ತಗೊಳ್ತೀನಮ್ಮ.”

“ಛೇ, ಎಲ್ಲಾದ್ರೂ ಉಂಟಾ! ನಿಮ್ಮ ಮನೆ ಆ ತಿರುವಲ್ಲೇ ಅಲ್ವಾ. ಹೋಗಿ ಕನ್ನಡಕ ತಂದುಬಿಡಿ. ಅಷ್ಟರಲ್ಲಿ ಸೊಪ್ಪು ಬೇಯುತ್ತೆ, ಊಟ ಮಾಡ್ಕೊಂಡೇ ಎಣಿಸೋರಂತೆ.”

ಇಷ್ಟು ಮರ್ಯಾದೆಯ ಮಾತನ್ನು ಹಾಜಿ ತಳ್ಳಿಹಾಕುವ ಹಾಗಿರಲಿಲ್ಲ. ಅವನು ಎದ್ದ. ಏಳುವಾಗ ಸೋಫಾದ ದಿಂಬನ್ನು ಒಮ್ಮೆ ಹಿಂದಕ್ಕೆ ಒತ್ತಿದ. “ಈಗ ಬಂದೆ,” ಎಂದು ಮೆಟ್ಟಿಲಿಳಿದ. ಜಪಮಣಿಯ ಸದ್ದು ಕೆಳಗಿಳಿಯುತ್ತ ಹೋಗಿ ಬೀದಿಯ ಗದ್ದಲದಲ್ಲಿ ಕಳೆಯಿತು.

ಅವನು ಬರಲಿಲ್ಲ. ಸೊಪ್ಪು ಬೆಂದಿತು. ಬೆಳ್ಳುಳ್ಳಿ ಕೊತ್ತಂಬರಿ ಒಗ್ಗರಣೆಯ ಪರಿಮಳ ಅತ್ತರನ್ನು ಸ್ವಲ್ಪ ಸ್ವಲ್ಪವಾಗಿ ಹೊರಗೆ ತಳ್ಳಿತು. ಶೌಕಿ ಬಾಲ್ಕನಿಗೂ ಬಾಗಿಲಿಗೂ ತಿರುಗಾಡಿದ.

“ಮನೆಗೆ ಬಂದ ದೊಡ್ಡ ಮನುಷ್ಯನ್ನ ಓಡಿಸಿದ್ರಲ್ಲ. ಒಬ್ಬಳು ಕೋಟು ಹಾಕ್ಕೊಂಡು, ಒಬ್ಬಳು ಸೌಟು ಹಿಡ್ಕೊಂಡು. ಇನ್ನು ಬೀದೀಲಿ ನಾನು ಯಾವ ಮುಖ ತೋರಿಸ್ಲಿ?”

ಸನಿಯ್ಯಾ ಊಟಕ್ಕೆ ಜಾಗ ಮಾಡಲು ಲೋಟಗಳನ್ನು ಎತ್ತಿದಳು, ಬಿಚ್ಚದ ಡಬ್ಬಿಯನ್ನು ಬದಿಗಿಟ್ಟಳು, ದಿನವೂ ಮಾಡುವಂತೆ ಸೋಫಾದ ದಿಂಬುಗಳನ್ನು ಒಂದೊಂದಾಗಿ ಎತ್ತಿ ಕೊಡವಿದಳು. ಮೂರನೆಯದರ ಹಿಂದೆ ಅವಳ ಕೈ ನಿಂತಿತು.

ಕಪ್ಪು ಚೌಕಟ್ಟಿನ ಕನ್ನಡಕ. ಕಡ್ಡಿಗಳನ್ನು ಜೋಪಾನವಾಗಿ ಮಡಚಿಟ್ಟಿತ್ತು.

ಸನಿಯ್ಯಾ ನಗಲಿಲ್ಲ. ಗಂಡನ ಕಡೆ ನೋಡಲೂ ಇಲ್ಲ. ತಲೆವಸ್ತ್ರದ ತುದಿಯಿಂದ ಎರಡೂ ಗಾಜುಗಳನ್ನು ಒರೆಸಿ, ಕನ್ನಡಕವನ್ನು ಕರಾರು ಪತ್ರದ ಮೇಲಿಟ್ಟು ಒಳಗೆ ಹೋದಳು. ಇನಾಸ್ ಅನ್ನ ಬಡಿಸಲು ಅವಳ ಹಿಂದೆ ಹೋದಳು. ಅಕ್ಕಿಯ ಡಬ್ಬಿಯ ಮುಚ್ಚಳ ಮುಚ್ಚಿಯೇ ಇತ್ತು.

ಕೆಳಗೆ ಎದುರಿನ ಅಂಗಡಿಯಲ್ಲಿ ಯಾರೋ ಗೋಡೆಗೆ ಮೊಳೆ ಹೊಡೆಯುತ್ತಿದ್ದರು.

ಶೌಕಿ ಬಹಳ ಹೊತ್ತು ಆ ಕನ್ನಡಕವನ್ನು ನೋಡುತ್ತ ನಿಂತ. ಆಮೇಲೆ ಹಾಜಿ ಕೂತಿದ್ದ ಜಾಗದಲ್ಲೇ ಕೂತು, ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ, ಅದನ್ನು ಮೂಗಿನ ಮೇಲೇರಿಸಿಕೊಂಡ. ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಮೊದಲನೆಯ ಸಾಲಿನ ಮೇಲೆ ಬೆರಳಿಟ್ಟು, ತುಟಿ ಅಲುಗಿಸುತ್ತ, ನಿಧಾನವಾಗಿ ಓದತೊಡಗಿದ.